ಕೋರ್ ಎಷ್ಟು, ಬಿಸಿ ಎಷ್ಟು: ಮೊಬೈಲ್ ಚಿಪ್ ಕುರಿತು ಓದುಗರ ಪ್ರಶ್ನೆಗಳು

ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳ ಪ್ರೊಸೆಸರ್ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಒಂದೇ ಉತ್ತರದಲ್ಲಿ ಸೇರಿಸಲಾಗಿದೆ.

ಪ್ರಶ್ನೆ: ನನ್ನ ಫೋನಿನಲ್ಲಿ ಎಂಟು ಕೋರ್‌ಗಳ ಪ್ರೊಸೆಸರ್ ಇದೆ. ತಮ್ಮನ ಐಫೋನಿನಲ್ಲಿರುವುದು ಆರೇ ಕೋರ್. ಆದರೂ ಅವನ ಫೋನೇ ಚುರುಕು. ಕೋರ್ ಹೆಚ್ಚಿದ್ದರೆ ವೇಗವೂ ಹೆಚ್ಚಬೇಕಲ್ಲವೇ? (ಓದುಗರು, ಹಾಸನ)

ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಸೂಚನೆಗಳನ್ನು ನಡೆಸುವ ಒಂದೊಂದು ಘಟಕ. ಕೋರ್‌ಗಳನ್ನು ಎಣಿಸಿ ವೇಗವನ್ನು ಅಳೆಯಲಾಗದು, ಏಕೆಂದರೆ ನಿಮ್ಮ ಎಂಟು ಕೋರ್‌ಗಳೂ ಒಂದೇ ಬಗೆಯವಾಗಿರುವುದಿಲ್ಲ. ಮಧ್ಯಮ ಬೆಲೆಯ ಫೋನುಗಳಲ್ಲಿ ಹೇರಳವಾಗಿ ಬಳಕೆಯಾದ ಮೀಡಿಯಾಟೆಕ್‌ನ ಹೀಲಿಯೊ ಜಿ99 ಚಿಪ್‌ನಲ್ಲಿ ಕಾರ್ಟೆಕ್ಸ್-ಎ76 ಎಂಬ ದೊಡ್ಡ ಕೋರ್‌ಗಳು ಎರಡು ಮಾತ್ರ. ಉಳಿದ ಆರೂ ಕಾರ್ಟೆಕ್ಸ್-ಎ55 ಎಂಬ ಸಣ್ಣ ಕೋರ್‌ಗಳು. ಸಣ್ಣ ಕೋರ್ ಸೂಚನೆಗಳನ್ನು ಬಂದ ಕ್ರಮದಲ್ಲಿಯೇ, ಒಂದು ಕ್ಲಾಕ್ ಸೈಕಲ್‌ಗೆ (ಚಿಪ್‌ನ ಒಂದು ಮಿಡಿತಕ್ಕೆ) ಹೆಚ್ಚೆಂದರೆ ಎರಡರಂತೆ ನಡೆಸುತ್ತದೆ. ಒಂದಕ್ಕೆ ಬೇಕಾದ ದತ್ತಾಂಶ ಮೆಮೊರಿಯಿಂದ ಬರುವುದು ತಡವಾದರೆ ಅದರ ಹಿಂದಿರುವವೂ ಕಾಯಬೇಕಾಗುತ್ತದೆ. ದೊಡ್ಡ ಕೋರ್ ನೂರಕ್ಕೂ ಹೆಚ್ಚು ಸೂಚನೆಗಳನ್ನು ಒಟ್ಟಿಗೆ ಮುಂದಿಟ್ಟುಕೊಂಡು, ದತ್ತಾಂಶ ಸಿದ್ಧವಿರುವವನ್ನು ಕ್ರಮ ಬಿಟ್ಟು ಮೊದಲೇ ನಡೆಸಿಬಿಡುತ್ತದೆ, ಮುಂದೆ ಪ್ರೋಗ್ರಾಂ ಯಾವ ಕವಲನ್ನು ಹಿಡಿಯಬಹುದೆಂಬುದನ್ನೂ ಊಹಿಸಿ ಆ ಕೆಲಸವನ್ನು ಆರಂಭಿಸಿರುತ್ತದೆ. ಈ ಸಾಮರ್ಥ್ಯಕ್ಕೆ ಅದು ತೆರುವ ಬೆಲೆ ಎಂದರೆ ಸಿಲಿಕಾನ್‌ನಲ್ಲಿ ಹೆಚ್ಚು ಜಾಗ ಮತ್ತು ಹೆಚ್ಚು ವಿದ್ಯುತ್.

ದೊಡ್ಡ ಮತ್ತು ಸಣ್ಣ ಕೋರ್‌ಗಳನ್ನು ಜೊತೆಗೂಡಿಸುವ ಈ ಪದ್ಧತಿಯನ್ನು ಬ್ರಿಟನ್ನಿನ ಆರ್ಮ್ ಕಂಪನಿ 2011ರ ಅಕ್ಟೋಬರ್‌ನಲ್ಲಿ, ಕಾರ್ಟೆಕ್ಸ್-ಎ15 ಮತ್ತು ಕಾರ್ಟೆಕ್ಸ್-ಎ7 ಎಂಬ ಜೋಡಿಯೊಂದಿಗೆ ಪ್ರಕಟಿಸಿತು. ಎರಡೂ ಕೋರ್‌ಗಳಿಗೆ ಅರ್ಥವಾಗುವ ಸೂಚನೆಗಳು ಒಂದೇ ಆದ್ದರಿಂದ, ಹಾಡು ಕೇಳುವಂಥ ಹಗುರ ಕೆಲಸವನ್ನು ಸಣ್ಣದಕ್ಕೂ, ಆಪ್ ತೆರೆಯುವಂಥ ಭಾರದ ಕೆಲಸವನ್ನು ದೊಡ್ಡದಕ್ಕೂ ಆಪರೇಟಿಂಗ್ ಸಿಸ್ಟಮ್ ವರ್ಗಾಯಿಸಬಲ್ಲದು. ಆಪ್ ತೆರೆಯುವಾಗ, ಪುಟ ಸರಿಸುವಾಗ ಬಹುಪಾಲು ಹೊರೆ ಬೀಳುವುದು ಒಂದೆರಡು ಕೋರ್‌ಗಳ ಮೇಲೆ ಮಾತ್ರ. ಅವು ಎಷ್ಟು ಬಲಿಷ್ಠ ಎಂಬುದೇ ಕೈಗೆ ತಿಳಿಯುವ ಚುರುಕು. ಆ್ಯಪಲ್ 2017ರ ಎ11 ಚಿಪ್‌ನಿಂದಲೂ ಎರಡು ದೊಡ್ಡ, ನಾಲ್ಕು ಸಣ್ಣ ಕೋರ್‌ಗಳ ವಿನ್ಯಾಸವನ್ನು ಬಿಟ್ಟುಕೊಡದೆ, ಆ ಎರಡನ್ನು ಬಹಳ ದೊಡ್ಡದಾಗಿ ಬೆಳೆಸಿದೆ. 2023ರಲ್ಲಿ ಮೀಡಿಯಾಟೆಕ್ ತನ್ನ ಡೈಮೆನ್ಸಿಟಿ 9300 ಚಿಪ್‌ನಿಂದ ಸಣ್ಣ ಕೋರ್‌ಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ಕೆಲಸವನ್ನು ಬೇಗ ಮುಗಿಸಿ ಬೇಗ ನಿದ್ರೆಗೆ ಜಾರುವ ಕೋರ್, ನಿಧಾನವಾಗಿ ದುಡಿಯುತ್ತ ಎಚ್ಚರವಾಗಿಯೇ ಇರುವ ಕೋರ್‌ಗಿಂತ ಕಡಿಮೆ ವಿದ್ಯುತ್ ಬಳಸಬಹುದೆಂಬುದು ಇದರ ಹಿಂದಿನ ತರ್ಕ. ಫೋನ್ ಕೊಳ್ಳುವಾಗ ಕೋರ್ ಎಷ್ಟೆಂದು ಕೇಳುವ ಬದಲು ದೊಡ್ಡ ಕೋರ್ ಯಾವುದೆಂದು ಕೇಳಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಮದುವೆಯೊಂದರ ಮೆರವಣಿಗೆಯನ್ನು 4ಕೆ ವಿಡಿಯೊ ಮಾಡುತ್ತಿದ್ದಾಗ ಫೋನ್ ಕಾದು ಕ್ಯಾಮೆರಾ ತಾನಾಗಿಯೇ ನಿಂತುಹೋಯಿತು. ಮನೆಯ ಟ್ಯಾಬ್ಲೆಟ್‌ನಲ್ಲಿ ಎಷ್ಟು ಹೊತ್ತು ಗೇಮ್ ಆಡಿದರೂ ಹೀಗಾಗಿಲ್ಲ. ಇದು ಚಿಪ್‌ನ ದೋಷವೇ? (ಓದುಗರು, ರಾಯಚೂರು)

ದೋಷವಲ್ಲ, ಚಿಪ್ ತನ್ನನ್ನೂ ನಿಮ್ಮ ಕೈಯನ್ನೂ ಕಾಪಾಡಿಕೊಂಡಿದೆ. ಆದರೆ ಪ್ರಶ್ನೆ ಬಹಳ ಮುಖ್ಯವಾದುದು, ಏಕೆಂದರೆ ಮೊಬೈಲ್ ಚಿಪ್ ವಿನ್ಯಾಸದ ಪ್ರತಿಯೊಂದು ತೀರ್ಮಾನದ ಹಿಂದೆಯೂ ಇರುವುದು ವೇಗಕ್ಕಿಂತ ಹೆಚ್ಚಾಗಿ ಈ ಬಿಸಿಯೇ.

ಸಾಮಾನ್ಯ ಫೋನಿನಲ್ಲಿ ಫ್ಯಾನ್ ಇಲ್ಲ. ಒಳಗೆ ಹುಟ್ಟಿದ ಶಾಖವೆಲ್ಲ ಹೊರಹೋಗಬೇಕಾದುದು ಅಂಗೈಯಗಲದ ಗಾಜು ಮತ್ತು ಲೋಹದ ಮೈಯಿಂದಲೇ, ಮತ್ತು ಹಾಗೆ ನಿರಂತರವಾಗಿ ಹೊರಹಾಕಬಹುದಾದ ಶಾಖ ಸುಮಾರು ಮೂರರಿಂದ ಐದು ವ್ಯಾಟ್ ಮಾತ್ರ. ಇಂದಿನ ದುಬಾರಿ ಚಿಪ್‌ಗಳೋ, ಎಲ್ಲ ಕೋರ್‌ಗಳೂ ಗ್ರಾಫಿಕ್ಸ್ ಘಟಕವೂ ಒಟ್ಟಿಗೆ ಪೂರ್ಣ ವೇಗದಲ್ಲಿ ದುಡಿದರೆ ಹತ್ತು ವ್ಯಾಟ್‌ಗೂ ಹೆಚ್ಚು ಸೆಳೆಯಬಲ್ಲವು. ಮೊದಲ ಕೆಲವು ನಿಮಿಷ ಫೋನಿನ ಮೈ ಈ ಶಾಖವನ್ನು ಹೀರಿಕೊಳ್ಳುತ್ತದೆ, ಆಗ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಮೈ ಕಾದು ನಿಂತ ಮೇಲೆ, ಹುಟ್ಟುವ ಶಾಖವನ್ನು ಕಡಿಮೆ ಮಾಡುವುದರ ಹೊರತು ಬೇರೆ ದಾರಿ ಉಳಿಯುವುದಿಲ್ಲ. ಚಿಪ್‌ನ ಹಲವು ಮೂಲೆಗಳಲ್ಲಿ ಹುದುಗಿಸಿದ ತಾಪ ಸಂವೇದಕಗಳನ್ನು ನೋಡಿಕೊಂಡು ತಂತ್ರಾಂಶ ಹಂತಹಂತವಾಗಿ ವೇಗವನ್ನು ಇಳಿಸುತ್ತದೆ; ಅದೂ ಸಾಲದಾದಾಗ ಕ್ಯಾಮೆರಾವನ್ನೇ ನಿಲ್ಲಿಸುತ್ತದೆ.

ವೇಗ ಇಳಿಸಿದರೆ ಎಷ್ಟು ಲಾಭ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಚಿಪ್‌ನ ಅತಿ ಸಣ್ಣ ಸ್ವಿಚ್‌ಗಳಾದ ಟ್ರಾನ್ಸಿಸ್ಟರ್‌ಗಳು ಸ್ಥಿತಿ ಬದಲಿಸುವಾಗ ಖರ್ಚಾಗುವ ವಿದ್ಯುತ್, ಆವರ್ತನಕ್ಕೆ (ಸೆಕೆಂಡಿಗೆ ಎಷ್ಟು ಕ್ಲಾಕ್ ಸೈಕಲ್ ಎಂಬುದಕ್ಕೆ) ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ಆವರ್ತನ ಏರಿಸಬೇಕೆಂದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಎರಡನ್ನೂ ಶೇ 20ರಷ್ಟು ಏರಿಸಿದಿರಿ ಎನ್ನಿ: 1.2ನ್ನು ಮೂರು ಬಾರಿ ಗುಣಿಸಿದರೆ 1.73, ಅಂದರೆ ಐದನೇ ಒಂದು ಭಾಗದಷ್ಟು ವೇಗಕ್ಕಾಗಿ ಶೇ 73ರಷ್ಟು ಹೆಚ್ಚು ವಿದ್ಯುತ್. ಎರಡನ್ನೂ ಶೇ 20ರಷ್ಟು ಇಳಿಸಿದರೆ 0.51, ಅಂದರೆ ಖರ್ಚು ಹೆಚ್ಚುಕಡಿಮೆ ಅರ್ಧ. ಬಿಸಿಯಾದ ಫೋನ್ ಸ್ವಲ್ಪ ನಿಧಾನವಾಗಿ ಬಹಳಷ್ಟು ತಂಪಾಗುವುದು ಈ ಕಾರಣಕ್ಕೆ. ಇದಲ್ಲದೆ, ಕೆಲಸವಿಲ್ಲದಾಗಲೂ ಟ್ರಾನ್ಸಿಸ್ಟರ್‌ಗಳ ಮೂಲಕ ಒಂದಿಷ್ಟು ವಿದ್ಯುತ್ ಸೋರುತ್ತಲೇ ಇರುತ್ತದೆ. ಚಿಪ್ ಬಿಸಿಯಾದಷ್ಟೂ ಆ ಸೋರಿಕೆ ಹೆಚ್ಚುತ್ತದೆ, ಸೋರಿಕೆ ಹೆಚ್ಚಿದಷ್ಟೂ ಚಿಪ್ ಇನ್ನಷ್ಟು ಬಿಸಿಯಾಗುತ್ತದೆ. ಈ ವರ್ತುಲವನ್ನು ಆರಂಭದಲ್ಲಿಯೇ ತುಂಡರಿಸದಿದ್ದರೆ ಅಪಾಯ.

ಈ ಇಕ್ಕಟ್ಟಿನಲ್ಲಿ ವಿನ್ಯಾಸಕಾರರು ಕಂಡುಕೊಂಡ ದೊಡ್ಡ ಉಪಾಯವೆಂದರೆ, ಪದೇ ಪದೇ ಬರುವ ಕೆಲಸಗಳನ್ನು ಕೋರ್‌ಗಳ ಕೈಯಿಂದ ತೆಗೆದು ಅವಕ್ಕೆಂದೇ ಮೀಸಲಾದ ಘಟಕಗಳಿಗೆ ವಹಿಸುವುದು. ಕ್ಯಾಮೆರಾದ ಚಿತ್ರವನ್ನು ತಿದ್ದುವುದಕ್ಕೆ ಒಂದು, ವಿಡಿಯೊವನ್ನು ಕುಗ್ಗಿಸಿ ಕಡತವಾಗಿಸುವುದಕ್ಕೆ ಒಂದು, ಧ್ವನಿಗೆ ಒಂದು, ಮುಖ ಗುರುತಿಸುವ ಲೆಕ್ಕಗಳಿಗೆ ಇನ್ನೊಂದು. ನಿಮ್ಮ 4ಕೆ ವಿಡಿಯೊವನ್ನು ಸಾಮಾನ್ಯ ಕೋರ್‌ಗಳೇ ಕುಗ್ಗಿಸಬೇಕಾಗಿ ಬಂದಿದ್ದರೆ ಮೆರವಣಿಗೆ ಹೊರಡುವ ಮೊದಲೇ ಫೋನ್ ಕಾದಿರುತ್ತಿತ್ತು. ಇಂದಿನ ಮೊಬೈಲ್ ಚಿಪ್‌ನ ಚಿತ್ರವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಜಾಹೀರಾತುಗಳು ಹೊಗಳುವ ಕೋರ್‌ಗಳು ಒಂದು ಸಣ್ಣ ಪಾಲಷ್ಟೇ. ಉಳಿದ ಜಾಗವೆಲ್ಲ ಇಂಥ ಘಟಕಗಳದು, ಗ್ರಾಫಿಕ್ಸ್‌ನದು ಮತ್ತು ಬೇಗ ಬೇಕಾಗುವ ದತ್ತಾಂಶವನ್ನು ಚಿಪ್‌ನಲ್ಲಿಯೇ ಇಟ್ಟುಕೊಳ್ಳುವ ಕ್ಯಾಷ್ ಮೆಮೊರಿಯದು. ಯಾವ ಕ್ಷಣದಲ್ಲಿಯೂ ಅವುಗಳಲ್ಲಿ ಹೆಚ್ಚಿನವು ಆರಿರಬೇಕು. ಏನನ್ನು ಯಾವಾಗ ಆರಿಸಬೇಕು, ಎಷ್ಟು ಬೇಗ ಎಬ್ಬಿಸಬೇಕು ಎಂಬುದರಲ್ಲಿಯೇ ಈ ವಿದ್ಯೆಯ ಸಾರವಿದೆಯೆಂದು ನನ್ನ ಭಾವನೆ.

ರಾಯಚೂರಿನ ಬೇಸಿಗೆಯ ಮಾತೂ ಇದಕ್ಕೆ ಸೇರಿದೆ. ಶಾಖ ಹರಿಯುವುದು ಬಿಸಿಯಿಂದ ತಂಪಿನ ಕಡೆಗೆ. ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುವಾಗ, 40-45 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕಾದ ಫೋನಿನ ಮೈ ತನ್ನ ಶಾಖವನ್ನು ಕೊಡುವುದಾದರೂ ಯಾರಿಗೆ? ಮೇಲೆ ಬಿಸಿಲು ಬೇರೆ, ಬಿಸಿಲಿನಲ್ಲಿ ಕಾಣಲೆಂದು ಪೂರ್ತಿ ಏರಿಸಿದ ಪರದೆಯ ಬೆಳಕು ಬೇರೆ. ಟ್ಯಾಬ್ಲೆಟ್‌ನ ಮೈ ವಿಶಾಲವಾದುದರಿಂದ ಅದೇ ಶಾಖ ಹರಡಿ ಹೊರಬೀಳುತ್ತದೆ. 2021ರ ಐಪ್ಯಾಡ್ ಪ್ರೊದಲ್ಲಿ ಆ್ಯಪಲ್ ತನ್ನ ಲ್ಯಾಪ್‌ಟಾಪ್‌ಗಳ ಎಂ1 ಚಿಪ್ಪನ್ನೇ ಫ್ಯಾನ್ ಇಲ್ಲದೆ ಕೂರಿಸಲು ಸಾಧ್ಯವಾಗಿದ್ದರಲ್ಲಿ ಈ ವಿಸ್ತೀರ್ಣದ ಪಾಲು ದೊಡ್ಡದು. ಮುಂದಿನ ಬಾರಿ ಹೊದಿಕೆಯನ್ನು ತೆಗೆದಿಡಿ, ಪವರ್ ಬ್ಯಾಂಕ್ ಜೋಡಿಸಿ ಚಿತ್ರೀಕರಿಸಬೇಡಿ, ನೆರಳಿನಲ್ಲಿ ನಿಲ್ಲಿ, 4ಕೆ ಬದಲು 1080ಪಿ ಆಯ್ದುಕೊಳ್ಳಿ. ಕಾದ ಫೋನನ್ನು ಫ್ರಿಜ್‌ನಲ್ಲಿಡುವ ಸಾಹಸ ಮಾತ್ರ ಬೇಡ. ಒಳಗೆ ನೀರು ಹನಿಗಟ್ಟುತ್ತದೆ.

ಪ್ರಶ್ನೆ: ‘3 ನ್ಯಾನೊಮೀಟರ್ ಚಿಪ್’ ಎನ್ನುತ್ತಾರೆ. ಅದರ ಯಾವ ಭಾಗ 3 ನ್ಯಾನೊಮೀಟರ್ ಇರುತ್ತದೆ? ಮಕ್ಕಳು ಕೇಳಿದಾಗ ಹೇಳಲಾಗಲಿಲ್ಲ. (ಪ್ರೌಢಶಾಲಾ ವಿಜ್ಞಾನ ಶಿಕ್ಷಕರು, ಉಡುಪಿ)

ಯಾವ ಭಾಗವೂ ಅಷ್ಟಿರುವುದಿಲ್ಲ. ಹಿಂದೊಮ್ಮೆ ಈ ಸಂಖ್ಯೆ ಟ್ರಾನ್ಸಿಸ್ಟರ್‌ನ ಗೇಟಿನ (ವಿದ್ಯುತ್ತನ್ನು ಬಿಡುವ, ತಡೆಯುವ ಭಾಗದ) ಉದ್ದಕ್ಕೆ ಹತ್ತಿರವಾಗಿತ್ತು. ಈಗ ಅದು ತಯಾರಿಕಾ ತಂತ್ರಜ್ಞಾನದ ತಲೆಮಾರಿಗೆ ಕಂಪನಿಗಳು ಇಟ್ಟ ಹೆಸರು ಮಾತ್ರ. 3 ನ್ಯಾನೊಮೀಟರ್ ಎನ್ನುವ ಚಿಪ್‌ಗಳಲ್ಲಿಯೂ ಒಂದು ಗೇಟಿನಿಂದ ಪಕ್ಕದ ಗೇಟಿಗೆ ಇರುವ ಅಂತರ ಸುಮಾರು 50 ನ್ಯಾನೊಮೀಟರ್.

ಪ್ರಗತಿ ಮಾತ್ರ ನಿಜವಾದುದು. 2013ರ ಆ್ಯಪಲ್ ಎ7 ಚಿಪ್‌ನ 102 ಚದರ ಮಿಲಿಮೀಟರ್‌ನಲ್ಲಿ 100 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್‌ಗಳಿದ್ದವು. 2023ರ ಎ17 ಪ್ರೊ ಚಿಪ್‌ನಲ್ಲಿ, ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ, 1,900 ಕೋಟಿ. ಆದರೆ ಎಲ್ಲವೂ ಸಮನಾಗಿ ಕುಗ್ಗುತ್ತಿಲ್ಲ. ತೈವಾನಿನ ಟಿಎಸ್‌ಎಂಸಿಯ 5 ನ್ಯಾನೊಮೀಟರ್ ತಲೆಮಾರಿನಲ್ಲಿ ಒಂದು ಬಿಟ್ ಕ್ಯಾಷ್ ಮೆಮೊರಿಗೆ 0.021 ಚದರ ಮೈಕ್ರೊಮೀಟರ್ ಬೇಕಿತ್ತು. ಅದರ ಎನ್3ಇ ಎಂಬ 3 ನ್ಯಾನೊಮೀಟರ್ ತಲೆಮಾರಿನಲ್ಲಿಯೂ ಅಷ್ಟೇ ಬೇಕು. ತರ್ಕದ (ಲೆಕ್ಕ ಮಾಡುವ) ಭಾಗ ಕುಗ್ಗಿತು, ಮೆಮೊರಿ ಕುಗ್ಗಲಿಲ್ಲ. ಹೀಗಾಗಿ ಇನ್ನೊಂದು ಮೆಗಾಬೈಟ್ ಕ್ಯಾಷ್ ಸೇರಿಸುವುದೇ ಬೇಡವೇ ಎಂಬುದು ಈಗ ವಿನ್ಯಾಸಕಾರರಿಗೆ ಹಿಂದೆಂದಿಗಿಂತ ದುಬಾರಿ ಪ್ರಶ್ನೆಯಾಗಿದೆ.

ಪ್ರಶ್ನೆ: ಆರ್ಮ್, ಕ್ವಾಲ್‌ಕಾಮ್, ಟಿಎಸ್‌ಎಂಸಿ ಇವುಗಳಲ್ಲಿ ಚಿಪ್ ತಯಾರಿಸುವವರು ಯಾರು? ಕಂಪ್ಯೂಟರ್ ಲೋಕವನ್ನಾಳಿದ ಇಂಟೆಲ್ ಫೋನುಗಳಲ್ಲಿ ಏಕಿಲ್ಲ? (ಓದುಗರು, ಪುಣೆ)

ಆರ್ಮ್ ಸೂಚನೆಗಳ ವ್ಯವಸ್ಥೆಯನ್ನೂ ಸಿದ್ಧ ಕೋರ್‌ಗಳ ವಿನ್ಯಾಸವನ್ನೂ ಪರವಾನಗಿಯ ಮೇಲೆ ಕೊಡುತ್ತದೆ. ಕ್ವಾಲ್‌ಕಾಮ್, ಮೀಡಿಯಾಟೆಕ್, ಆ್ಯಪಲ್ ಅದರ ಆಧಾರದ ಮೇಲೆ ಪೂರ್ಣ ಚಿಪ್ಪನ್ನು ರೂಪಿಸುತ್ತವೆ. ಟಿಎಸ್‌ಎಂಸಿ ಅದನ್ನು ಸಿಲಿಕಾನ್‌ನಲ್ಲಿ ಮುದ್ರಿಸಿಕೊಡುತ್ತದೆ. ಆ್ಯಪಲ್ ಕೋರ್‌ಗಳನ್ನೂ ತಾನೇ ರೂಪಿಸಿಕೊಳ್ಳುತ್ತದೆ. 2024ರ ಸ್ನಾಪ್‌ಡ್ರಾಗನ್ 8 ಎಲೈಟ್‌ನಲ್ಲಿ ಕ್ವಾಲ್‌ಕಾಮ್ ಕೂಡ ತನ್ನದೇ ಕೋರ್‌ಗಳಿಗೆ ಮರಳಿತು.

ಆರ್ಮ್‌ನ ಮಿತವ್ಯಯ ಹುಟ್ಟಿನಿಂದ ಬಂದದ್ದು. ಕೇಂಬ್ರಿಜ್‌ನ ಏಕಾರ್ನ್ ಎಂಬ ಸಣ್ಣ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಆರ್ಮ್ ಚಿಪ್‌ನಲ್ಲಿ ಇದ್ದದ್ದು ಸುಮಾರು 25,000 ಟ್ರಾನ್ಸಿಸ್ಟರ್‌ಗಳು. 1985ರ ಏಪ್ರಿಲ್ 26ರಂದು ಅದು ಕೆಲಸ ಆರಂಭಿಸಿತು. ಅದು ಸೆಳೆಯುವ ವಿದ್ಯುತ್ತನ್ನು ಫರ್ಬರ್ ಅಳೆಯಹೊರಟಾಗ ಮಾಪಕ ಸೊನ್ನೆ ತೋರಿಸಿತು. ನೋಡಿದರೆ ಚಿಪ್‌ಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ, ಸಂಕೇತದ ತಂತಿಗಳಿಂದ ಸೋರಿ ಬರುತ್ತಿದ್ದ ವಿದ್ಯುತ್ತಿನಲ್ಲಿಯೇ ಅದು ಓಡುತ್ತಿತ್ತು. ಇಂಟೆಲ್‌ನ ಬೇರುಗಳಿದ್ದದ್ದು ಗೋಡೆಯ ಪ್ಲಗ್‌ನಿಂದ ಓಡುವ ಯಂತ್ರಗಳಲ್ಲಿ. ಅದರ ಚಿಪ್ ಇದ್ದ ಮೊದಲ ಸ್ಮಾರ್ಟ್‌ಫೋನ್, ಲಾವಾ ಕಂಪನಿಯ ಜೋಲೊ ಎಕ್ಸ್900, ಮಾರಾಟಕ್ಕೆ ಬಂದದ್ದು 2012ರಲ್ಲಿ, ಅದೂ ಭಾರತದಲ್ಲಿ. ಆ ಹೊತ್ತಿಗೆ ಆ್ಯಪ್‌ಗಳೂ ತಯಾರಕರೂ ಆರ್ಮ್‌ಗೆ ಒಗ್ಗಿಹೋಗಿದ್ದರು. 2016ರಲ್ಲಿ ಇಂಟೆಲ್ ಫೋನ್ ಚಿಪ್‌ಗಳ ಯೋಜನೆಯನ್ನು ಕೈಬಿಟ್ಟಿತು.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಬೆಂಗಳೂರಿನಲ್ಲಿ ನಿಜಕ್ಕೂ ಚಿಪ್ ವಿನ್ಯಾಸ ನಡೆಯುತ್ತದೆಯೇ, ಇಲ್ಲವೇ ಪರೀಕ್ಷೆ ಮಾಡುವ ಕೆಲಸ ಮಾತ್ರವೇ? ಏನು ಕಲಿಯಬೇಕು? (ವಿದ್ಯಾರ್ಥಿನಿ, ಹುಬ್ಬಳ್ಳಿ)

ನಿಜಕ್ಕೂ ನಡೆಯುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕದೊಂದಿಗೆ ಕೆಲಸ ಹಂಚಿಕೊಂಡ ಕಾಲದಿಂದ ಇದು ಬೆಳೆದು ಬಂದಿದೆ; ಇಂದು ಆರ್ಮ್, ಕ್ವಾಲ್‌ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್ ಎಲ್ಲವೂ ಇಲ್ಲಿವೆ. ನಿಮ್ಮ ಪ್ರಶ್ನೆಯಲ್ಲಿರುವ ‘ಮಾತ್ರ’ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ಚಿಪ್ ವಿನ್ಯಾಸದ ಶ್ರಮದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ವೆರಿಫಿಕೇಶನ್‌ಗೆ, ಅಂದರೆ ವಿನ್ಯಾಸ ಸರಿಯಿದೆಯೇ ಎಂದು ಪರೀಕ್ಷಿಸುವುದಕ್ಕೆ ಸಲ್ಲುತ್ತದೆ, ಮತ್ತು ಅದು ಎರಡನೇ ದರ್ಜೆಯ ಕೆಲಸವಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಕ್ಯಾಮೆರಾ ಘಟಕಕ್ಕೆ ಕೆಲಸವಿಲ್ಲದಾಗ ಅದರ ವಿದ್ಯುತ್ತನ್ನು ಪೂರ್ತಿ ಕಡಿಯುತ್ತಾರೆ. ಆಗ ಅದರ ಹೊರತಂತಿಗಳಲ್ಲಿ ಅರ್ಥವಿಲ್ಲದ ಮೌಲ್ಯಗಳು ತೇಲಾಡುತ್ತವೆ. ಅವು ಪಕ್ಕದ ಘಟಕಕ್ಕೆ ತಲುಪದಂತೆ ಐಸೊಲೇಶನ್ ಸೆಲ್‌ಗಳು ಆ ತಂತಿಗಳನ್ನು ಸೊನ್ನೆಯಲ್ಲಿ ಹಿಡಿದಿಟ್ಟಿರುತ್ತವೆ. ಘಟಕವನ್ನು ಎಬ್ಬಿಸುವಾಗ ಮೊದಲು ವಿದ್ಯುತ್, ಬಳಿಕ ಕ್ಲಾಕ್ ಮತ್ತು ರೀಸೆಟ್, ಎಲ್ಲ ಸ್ಥಿರವಾದ ಮೇಲೆ ಕೊನೆಗೆ ಈ ಹಿಡಿತದ ಬಿಡುಗಡೆ ಎಂಬ ಕ್ರಮವಿರುತ್ತದೆ. ಬಳಕೆದಾರ ಕ್ಯಾಮೆರಾ ತೆರೆದ ಕ್ಷಣದಲ್ಲಿಯೇ ಕರೆ ಬಂದು, ಘಟಕ ಅರ್ಧ ಎದ್ದಿರುವಾಗಲೇ ಮಲಗುವ ಆದೇಶವೂ ತಲುಪಿತೆನ್ನಿ. ಹಿಡಿತ ಒಂದೇ ಒಂದು ಕ್ಲಾಕ್ ಸೈಕಲ್ ಮೊದಲು ಸಡಿಲವಾದರೂ ಅರ್ಥವಿಲ್ಲದ ಮೌಲ್ಯ ಬಸ್‌ಗೆ (ಘಟಕಗಳ ನಡುವೆ ದತ್ತಾಂಶ ಸಾಗುವ ದಾರಿಗೆ) ನುಗ್ಗಿ ಇಡೀ ಫೋನ್ ಸ್ತಬ್ಧವಾಗಬಹುದು. ಇಂಥ ಸನ್ನಿವೇಶವನ್ನು ಮೊದಲೇ ಊಹಿಸಿ, ಚಿಪ್ ಹುಟ್ಟುವ ಮುನ್ನವೇ ಸಿಮ್ಯುಲೇಶನ್‌ನಲ್ಲಿ ಅದನ್ನು ಸೃಷ್ಟಿಸಿ ತಪ್ಪು ಹಿಡಿಯುವವರು ವೆರಿಫಿಕೇಶನ್ ಎಂಜಿನಿಯರ್‌ಗಳು. ಎಮ್ಯುಲೇಟರ್ ಎಂಬ ದೊಡ್ಡ ಯಂತ್ರಗಳ ಮೇಲೆ, ಇನ್ನೂ ಇಲ್ಲದ ಚಿಪ್‌ನಲ್ಲಿ ಆಂಡ್ರಾಯ್ಡ್ ಬೂಟ್ ಮಾಡಿ ನೋಡುವವರೂ ಇಂಥವರೇ. ತಂತ್ರಾಂಶದ ತಪ್ಪನ್ನು ಅಪ್‌ಡೇಟ್ ಕಳಿಸಿ ಸರಿಪಡಿಸಬಹುದು. ಸಿಲಿಕಾನ್‌ನಲ್ಲಿ ಉಳಿದ ತಪ್ಪಿಗೆ ಕೋಟ್ಯಂತರ ಡಾಲರಿನ ಹೊಸ ಮಾಸ್ಕ್‌ಗಳು (ಚಿಪ್ ಮುದ್ರಿಸುವ ಅಚ್ಚುಗಳು) ಬೇಕು, ತಿಂಗಳುಗಟ್ಟಲೆ ಮತ್ತೆ ಕಾಯಬೇಕು.

ನಮ್ಮ ಕೊರತೆ ಬೇರೆಡೆ ಇದೆ. ಮುಂದಿನ ಚಿಪ್‌ನಲ್ಲಿ ಏನಿರಬೇಕು, ಯಾವ ಮಾರುಕಟ್ಟೆಗೆ, ಎಷ್ಟು ವ್ಯಾಟ್‌ನೊಳಗೆ ಎಂಬ ಮೂಲ ನಿರ್ಧಾರಗಳು ಇಂದಿಗೂ ಬಹುಪಾಲು ಹೊರದೇಶದ ಪ್ರಧಾನ ಕಚೇರಿಗಳಲ್ಲಿ ಆಗುತ್ತವೆ, ವಿನ್ಯಾಸದ ಒಡೆತನವೂ ಅಲ್ಲಿಯದೇ. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರ್‌ನಂಥ ಪ್ರಯತ್ನಗಳು, ಪರವಾನಗಿ ಶುಲ್ಕವಿಲ್ಲದ ರಿಸ್ಕ್-ಫೈವ್ ಸೂಚನಾ ವ್ಯವಸ್ಥೆಯ ಮೇಲೆ ಕಟ್ಟಿದವು, ಈ ಕಾರಣಕ್ಕೆ ನನಗೆ ಮುಖ್ಯವೆನಿಸುತ್ತವೆ.

ಕಲಿಕೆಯ ಮಾತು. ಡಿಜಿಟಲ್ ಲಾಜಿಕ್ ಮತ್ತು ಕಂಪ್ಯೂಟರ್ ಆರ್ಕಿಟೆಕ್ಚರ್ ಗಟ್ಟಿಯಾಗಿರಲಿ. ಸಿಸ್ಟಮ್ ವೆರಿಲಾಗ್, ಸಿ, ಪೈಥಾನ್, ಲಿನಕ್ಸ್ ಕೈಗೆ ಹತ್ತಲಿ. ದುಬಾರಿ ತಂತ್ರಾಂಶಕ್ಕಾಗಿ ಕಾಯಬೇಕಿಲ್ಲ: ಸಿಮ್ಯುಲೇಶನ್‌ಗೆ ವೆರಿಲೇಟರ್, ಸಿಂಥೆಸಿಸ್‌ಗೆ ಯೋಸಿಸ್, ಲೇಔಟ್‌ಗೆ ಓಪನ್‌ರೋಡ್ ಉಚಿತವಾಗಿ ಸಿಗುತ್ತವೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ರಿಸ್ಕ್-ಫೈವ್‌ನ 32 ಬಿಟ್ ಮೂಲ ಸೂಚನೆಗಳನ್ನಷ್ಟೇ ನಡೆಸುವ ಪುಟ್ಟ ಕೋರ್ ಒಂದನ್ನು ಬರೆದು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ಮತ್ತೆ ಮತ್ತೆ ರೂಪಿಸಿಕೊಳ್ಳಬಹುದಾದ ಚಿಪ್) ಬೋರ್ಡಿನ ಮೇಲೆ ಓಡಿಸಿ. ಬಳಿಕ ಸ್ನೇಹಿತೆಯೊಬ್ಬರಿಗೆ ಅದರಲ್ಲಿ ಒಂದು ತಪ್ಪನ್ನು ಗುಟ್ಟಾಗಿ ಸೇರಿಸಲು ಹೇಳಿ, ಕೋಡ್ ತೆರೆಯದೆ, ನೀವು ಬರೆದ ಪರೀಕ್ಷೆಗಳಿಂದಲೇ ಅದನ್ನು ಹುಡುಕಿ. ಸಂದರ್ಶನದಲ್ಲಿ ಆ ಹುಡುಕಾಟವನ್ನು ಹೆಜ್ಜೆ ಹೆಜ್ಜೆಯಾಗಿ ವಿವರಿಸಬಲ್ಲಿರಾದರೆ, ಎದುರಿಗೆ ಕುಳಿತವರಿಗೆ ಅಂಕಪಟ್ಟಿಗಿಂತ ಹೆಚ್ಚು ತಿಳಿಯುತ್ತದೆ.