ಮಾರಾಟಕ್ಕಿಡದ ಹೊತ್ತು

ಸಂಬಳ ಚೆನ್ನಾಗಿದೆ, ಸಾಲವಿಲ್ಲ, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸವೂ ಇದೆ, ಆದರೂ ಚೆನ್ನಾಗಿ ಬದುಕುತ್ತಿದ್ದೇನೆ ಎಂದು ಅನ್ನಿಸುವುದಿಲ್ಲ. ಹಾಗಾದರೆ ಹಣವನ್ನು ಬಿಟ್ಟು ಒಳ್ಳೆಯ ಬದುಕು ಎಂದರೆ ನಿಜವಾಗಿ ಏನು ಎಂದು ಕೇಳಿದ್ದೀರಿ. ನಿಮ್ಮ ಮಾತಿನಲ್ಲಿರುವ ‘ಸಾಲವಿಲ್ಲ’ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾಡಿಗೆಗೂ ಆಸ್ಪತ್ರೆಯ ಬಿಲ್ಲಿಗೂ ದುಡ್ಡು ಹೊಂದಿಸಲಾಗದೆ ಒದ್ದಾಡುತ್ತಿರುವವರ ಮುಂದೆ ಹಣವೇ ಎಲ್ಲವೂ ಅಲ್ಲ ಎಂದು ಉಪದೇಶಿಸುವುದು ಸಭ್ಯತೆಯಲ್ಲ. ಆದ್ದರಿಂದ ಹೊಟ್ಟೆ, ಬಟ್ಟೆ, ಔಷಧಿಗಳ ಚಿಂತೆ ತೀರಿದ ನಂತರದ ಬದುಕಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಆ ಹಂತ ದಾಟಿದವರಿಗೆ ಒಳ್ಳೆಯ ಬದುಕೆಂದರೆ, ನನ್ನ ಮಟ್ಟಿಗೆ, ದಿನದಲ್ಲಿ ಯಾರಿಗೂ ಮಾರದೆ ಉಳಿಸಿಕೊಂಡ ಒಂದಿಷ್ಟು ಹೊತ್ತು, ಆ ಹೊತ್ತಿನಲ್ಲಿ ಶ್ರದ್ಧೆಯಿಂದ ಮಾಡುವ ಒಂದು ಕೆಲಸ, ಮತ್ತು ಒಂದು ದಿನ ನೀವು ಹೋಗದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುವ ನಾಲ್ಕು ಜನ. ಇದರಲ್ಲಿ ಒಂದು ತಪ್ಪಿದರೂ ಉಳಿದವು ಬಹಳ ದಿನ ನಿಲ್ಲುವುದಿಲ್ಲ. ರೆಸಾರ್ಟಿನಲ್ಲಿ ಕಳೆಯುವ ವಾರಾಂತ್ಯ ದಣಿವನ್ನು ಆರಿಸಬಹುದು; ಆದರೆ ಅಲ್ಲಿ ನಿಮಗಾಗಿ ಕಾಯುವವರು ಯಾರೂ ಇರುವುದಿಲ್ಲ.

ಇದಕ್ಕೆ ನಾನು ಕೊಡಬಹುದಾದ ಅತ್ಯುತ್ತಮ ಉದಾಹರಣೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಈ ಅಡಿಕೆ ತೋಟಗಳ ಊರಿನ ಕೆಲವರು ಸೇರಿ ನಾಟಕವಾಡಲು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿಕೊಂಡರು. ಇಂದು ಅದನ್ನು ನಾವೆಲ್ಲ ನೀನಾಸಂ ಎಂದು ಕರೆಯುತ್ತೇವೆ. ಹಗಲೆಲ್ಲ ತೋಟ, ಗದ್ದೆ, ಅಂಗಡಿಗಳಲ್ಲಿ ದುಡಿದವರು ಸಂಜೆ ಮಾತು ಕಂಠಪಾಠ ಮಾಡಿ, ಬಣ್ಣ ಹಚ್ಚಿ, ಪರದೆ ಕಟ್ಟಿ ನಾಟಕವಾಡುತ್ತಿದ್ದರು. ಅದರಿಂದ ಯಾರ ಮನೆಯ ಆದಾಯವೂ ಹೆಚ್ಚಲಿಲ್ಲ. 1970ರ ದಶಕದಲ್ಲಿ ಊರಿಗೊಂದು ರಂಗಮಂದಿರ ಬಂತು, ಚಿತ್ರಸಮಾಜ ಹುಟ್ಟಿತು. ಮಹಾನಗರಗಳ ಕೆಲವೇ ಜನ ನೋಡುತ್ತಿದ್ದ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನ ಕುಳಿತು ನೋಡಿ ಚರ್ಚಿಸತೊಡಗಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರವೂ 1985ರಲ್ಲಿ ನಾಡಿನ ಊರೂರು ತಿರುಗಿ ನಾಟಕವಾಡುವ ‘ತಿರುಗಾಟ’ವೂ ಆರಂಭವಾದವು. ಇದೆಲ್ಲದರ ಹಿಂದಿದ್ದ ಕೆ.ವಿ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಹೆಗ್ಗೋಡನ್ನು ಬಿಡಲಿಲ್ಲ.

ನನಗೆ ಮುಖ್ಯವೆನಿಸುವುದು ಆ ಪ್ರಶಸ್ತಿಯಲ್ಲ. ಅಂಥ ಊರಿನಲ್ಲಿ ಒಬ್ಬ ಮನುಷ್ಯ ಅಂಗಡಿಯವನಾಗಿಯೋ ಕೃಷಿಕನಾಗಿಯೋ ಮಾತ್ರ ಉಳಿಯದೆ, ಹೋದ ವರ್ಷದ ನಾಟಕದಲ್ಲಿ ರಾಜನ ಪಾತ್ರ ಮಾಡಿದವನು, ರಂಗದ ಬೆಳಕನ್ನು ಚೆನ್ನಾಗಿ ನಿಭಾಯಿಸುವವನು, ತಾಲೀಮಿಗೆ ತಪ್ಪದೆ ಬರುವವನು ಎಂದೂ ಗುರುತಾಗುತ್ತಾನೆ. ಆದಾಯ ಏರಿದರೂ ಇಳಿದರೂ ಆ ಗುರುತು ಅಳಿಸುವುದಿಲ್ಲ. ಕೆಲಸದ ಸ್ಥಳದ ಹುದ್ದೆಯೊಂದೇ ತನ್ನ ಗುರುತಾಗಿರುವ ನಗರದ ಮನುಷ್ಯನಿಗೆ ಕೊರತೆಯಾಗಿರುವುದು ಇದೇ ಎಂದು ನಾನು ಭಾವಿಸುತ್ತೇನೆ. ಹಾಗೆಂದು ನೀನಾಸಂ ಹಣವಿಲ್ಲದೆ ನಡೆಯಿತು ಎಂದುಕೊಳ್ಳಬೇಡಿ. ಕಟ್ಟಡಕ್ಕೂ ಬಸ್ಸಿಗೂ ಊಟಕ್ಕೂ ದುಡ್ಡು ಬೇಕೇ ಬೇಕಿತ್ತು. ಆದರೆ ಅಲ್ಲಿ ಹಣ ಬಂದದ್ದು ನಾಟಕಕ್ಕಾಗಿ. ಹಣಕ್ಕಾಗಿ ನಾಟಕ ನಡೆಯಲಿಲ್ಲ.

ನಾಲ್ಕು ಜನರ ವಿಷಯಕ್ಕೆ ಬಂದರೆ, ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ನೆನಪಿಸಿಕೊಳ್ಳಬೇಕು. ಇಂದು ನಿಮ್ಮ ಗದ್ದೆಯ ನಾಟಿಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಕೂಲಿಯ ಮಾತಿಲ್ಲ, ಆದರೆ ಲೆಕ್ಕ ಮಾತ್ರ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಈ ಪದ್ಧತಿಯನ್ನು ಹೊಗಳಿ ಬರೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಮುಯ್ಯಿ ನಡೆಯುತ್ತಿದ್ದುದು ಹೆಚ್ಚಾಗಿ ಜಮೀನಿದ್ದವರ ನಡುವೆ. ಭೂಮಿಯಿಲ್ಲದವನಿಗೆ ತಿರುಗಿ ಕರೆಯಲು ಗದ್ದೆಯೇ ಇರಲಿಲ್ಲ. ಅವನ ಪಾಲಿಗೆ ಕೂಲಿ, ಕೆಲವೊಮ್ಮೆ ಜೀತ. ಅಂಥವನಿಗೆ ಕೈಗೆ ಸಿಕ್ಕ ರೊಕ್ಕವೇ ಬಿಡುಗಡೆಯಾಗಿತ್ತು. ಇಷ್ಟನ್ನು ಒಪ್ಪಿಕೊಂಡ ಮೇಲೂ ಮುಯ್ಯಿಯ ಒಂದು ಗುಣವನ್ನು ನಾವು ಉಳಿಸಿಕೊಳ್ಳಬಹುದು. ಹಣ ಕೊಟ್ಟು ಕೆಲಸ ಮಾಡಿಸಿಕೊಂಡರೆ ಸಂಬಂಧ ಅಲ್ಲಿಗೇ ಮುಗಿಯುತ್ತದೆ. ಮುಯ್ಯಿಯಲ್ಲಿ ಋಣ ಉಳಿಯುತ್ತದೆ, ಋಣ ಉಳಿದಿರುವುದರಿಂದಲೇ ಬರುಹೋಗು ಉಳಿಯುತ್ತದೆ. ಮನೆ ಬದಲಿಸುವುದರಿಂದ ಹಿಡಿದು ಹುಷಾರಿಲ್ಲದಾಗಿನ ಊಟದವರೆಗೆ ಎಲ್ಲವನ್ನೂ ಮೊಬೈಲ್ ಆ್ಯಪ್‌ಗಳಿಂದಲೇ ತರಿಸಿಕೊಳ್ಳುವ ನಾವು ಯಾರಿಗೂ ಋಣಿಗಳಲ್ಲ. ನಮ್ಮನ್ನು ಹಕ್ಕಿನಿಂದ ಕರೆಯುವವರೂ ಅಷ್ಟೇ ವಿರಳ.

ಇನ್ನು ಎಷ್ಟು ಗಳಿಸಿದರೆ ನಿಲ್ಲಬೇಕು ಎಂಬುದು. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಶರಣ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ನಿಮಗೆ ಗೊತ್ತಿರಬಹುದು. ಅದನ್ನು ವೈರಾಗ್ಯದ ಕಥೆಯೆಂದು ಹೇಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಲಕ್ಕಮ್ಮ ಒಲೆ ಹಚ್ಚಿ ಜಂಗಮರಿಗೆ ಬಡಿಸುವ ಗೃಹಿಣಿ. ತನ್ನ ಮನೆಗೆ ದಿನಕ್ಕೆ ಎಷ್ಟು ಬೇಕೆಂದು ಆಕೆಗೆ ಖಚಿತವಾಗಿ ತಿಳಿದಿತ್ತು. ನೀವು ಆಕೆಯಷ್ಟು ಕಟ್ಟುನಿಟ್ಟಾಗಬೇಕಿಲ್ಲ, ಮುಪ್ಪಿಗೂ ಕಾಯಿಲೆಗೂ ಧಾರಾಳವಾಗಿಯೇ ತೆಗೆದಿಡಿ. ಆದರೆ ಆ ಮೊತ್ತವನ್ನು ಒಮ್ಮೆ ಕಾಗದದ ಮೇಲೆ ಬರೆಯಿರಿ. ಬರೆಯದೆ ಇದ್ದರೆ ಪ್ರತಿ ಬಡ್ತಿಯೊಂದಿಗೆ ಅದು ತಾನಾಗಿಯೇ ಮೇಲೇರುತ್ತದೆ, ಉಳಿಸಿಕೊಂಡ ಹೊತ್ತೂ ಅದರ ಬಾಯಿಗೇ ಹೋಗುತ್ತದೆ.

ಹೆಗ್ಗೋಡಿನಲ್ಲಿ ಆದದ್ದು ಬೆಂಗಳೂರಿನಲ್ಲಿ ಆಗುವುದಿಲ್ಲ ಎನ್ನುವಿರೇನೋ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿಬನ್ನಿ. ಹಾಳಾಗಿದ್ದ ಆ ಕೆರೆಯ ಹೊಣೆ ಹೊತ್ತು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡವರು ಸುತ್ತಮುತ್ತಲಿನ ನಿವಾಸಿಗಳೇ. ಕೆರೆ ನಿಮಗೆ ಒಗ್ಗದಿದ್ದರೆ ಹವ್ಯಾಸಿ ರಂಗತಂಡಗಳಿವೆ, ಸಂಗೀತ ಕಲಿಸುವವರಿದ್ದಾರೆ, ಸಂಜೆ ಮಕ್ಕಳಿಗೆ ಗಣಿತ ಹೇಳಿಕೊಡುವವರನ್ನು ಹುಡುಕುತ್ತಿರುವ ಸರ್ಕಾರಿ ಶಾಲೆಗಳಿವೆ. ಸ್ವಲ್ಪ ಕೈ ಪಳಗಿದೊಡನೆ ಅದನ್ನೇ ಯೂಟ್ಯೂಬ್ ಚಾನೆಲ್ ಮಾಡಿ ದುಡ್ಡು ಮಾಡು ಎಂದು ಗೆಳೆಯರು ಹೇಳುತ್ತಾರೆ, ದಯವಿಟ್ಟು ಕೇಳಬೇಡಿ. ಮತ್ತು ಯಾವುದನ್ನೇ ಆರಿಸಿಕೊಂಡರೂ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ್ದನ್ನು ಆರಿಸಿಕೊಳ್ಳಿ. ಈ ಊರಿನ ಟ್ರಾಫಿಕ್ ದಾಟಿ ಹೋಗಬೇಕಾದ ಯಾವ ಒಳ್ಳೆಯ ಕೆಲಸವೂ ಮಳೆಗಾಲದಾಚೆಗೆ ಉಳಿಯುವುದಿಲ್ಲ.