ಓದುಗರ ಪ್ರಶ್ನೆ: ಕಬ್ಬನ್ ಪಾರ್ಕಿನಲ್ಲಿ ಒಂದು ದಿನ

ಪ್ರಶ್ನೆ: ರಜೆಯಲ್ಲಿ ವಯಸ್ಸಾದ ತಂದೆಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೆಂಗಳೂರಿಗೆ ಬರುತ್ತಿದ್ದೇವೆ. ಕಬ್ಬನ್ ಪಾರ್ಕಿನಲ್ಲಿ ಮರಗಳ ಹೊರತು ಏನೂ ಇಲ್ಲವೆಂದು ಬಂಧುಗಳು ಹೇಳುತ್ತಾರೆ. ಅಲ್ಲಿ ಒಂದು ದಿನ ಕಳೆಯಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ಕಳೆಯಬಹುದು, ಸಾಧ್ಯವಾದರೆ ಭಾನುವಾರವೇ ಬನ್ನಿ. ಅಂದು ಉದ್ಯಾನದೊಳಗಿನ ರಸ್ತೆಗಳಲ್ಲಿ ಮೋಟಾರು ವಾಹನಗಳ ಸಂಚಾರವಿರುವುದಿಲ್ಲವಾದ್ದರಿಂದ ಮಕ್ಕಳು ಸೈಕಲ್ ತುಳಿಯಲಿ, ಓಡಾಡಲಿ, ಹಿರಿಯರು ಕೈ ಹಿಡಿದು ಕಾಯಬೇಕಾಗಿಲ್ಲ. ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಇಳಿದರೆ ನೇರಳೆ ಮಾರ್ಗದ ಮೆಟ್ರೊ ನೇರವಾಗಿ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ತಂದುಬಿಡುತ್ತದೆ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಈ ಉದ್ಯಾನಕ್ಕೆ 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ, ಶ್ರೀ ಚಾಮರಾಜೇಂದ್ರ ಉದ್ಯಾನ ಎಂಬ ಹೆಸರಿಡಲಾಯಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಲಾಲ್‌ಬಾಗಿನೊಂದಿಗೆ ಇದನ್ನೂ ಉಳಿಸಿಕೊಳ್ಳಲೆಂದೇ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಬಂದಿತು. ಸುತ್ತಲ ನಗರ ಬೆಳೆದ ಪರಿಯನ್ನು ನೋಡಿದವರಿಗೆ ಆ ಕಾಯ್ದೆಯ ಬೆಲೆ ತಿಳಿಯುತ್ತದೆ.

ಮಕ್ಕಳಿಗೆ ಬಾಲಭವನವೂ ಅಲ್ಲಿನ ಪುಟಾಣಿ ರೈಲೂ ಇವೆ. ತಂದೆಯವರಿಗೆ ಓದುವ ಅಭ್ಯಾಸವಿದ್ದರೆ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮರಣೆಗಾಗಿ ಕಟ್ಟಿದ ಕೆಂಪು ಬಣ್ಣದ ಕಟ್ಟಡದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವನ್ನು ತೋರಿಸಿ. ನಡೆದು ದಣಿದರೆ ಬ್ಯಾಂಡ್‌ಸ್ಟ್ಯಾಂಡ್ ಬಳಿಯ ನೆರಳಿನಲ್ಲಿ ಕುಳಿತುಕೊಳ್ಳಬಹುದು.

ಆದರೆ ಇಡೀ ಕುಟುಂಬ ಒಟ್ಟಾಗಿ ನೋಡಲೇಬೇಕಾದದ್ದು, ನನ್ನ ಮಟ್ಟಿಗೆ, ಕಸ್ತೂರಬಾ ರಸ್ತೆಯ ಬದಿಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನ. ಹತ್ತನೆಯ ಶತಮಾನದ ಈ ಕಲ್ಲು ಒಂದು ನಾಯಿಯ ಸ್ಮಾರಕ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನಿಗೆ ಗಂಗರ ದೊರೆ ಬೂತುಗನು ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತಾಗ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ದತ್ತಿ ಬಿಟ್ಟರು. ನಾಯಿಯೂ ಹಂದಿಯೂ ಸೆಣಸುತ್ತಿರುವ ಕೆತ್ತನೆಯನ್ನು ಮಕ್ಕಳು ತಾವೇ ಗುರುತಿಸಲಿ, ಕಥೆಯನ್ನು ಅಜ್ಜ ಹೇಳಲಿ.

ಸಂಗ್ರಹಾಲಯಕ್ಕೆ ಸೋಮವಾರ ರಜೆ. ದುರಸ್ತಿಗಾಗಿ ಮುಚ್ಚಿರುವುದೂ ಉಂಟಾದ್ದರಿಂದ ಊರಿನಿಂದ ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳಿ.