ಅಜ್ಜ, ಮೊಮ್ಮಗ ಮತ್ತು ಕೊಳಕ್ಕೆ ಬೀಳುವ ಮಂಡಕ್ಕಿ

ಪ್ರಶ್ನೆ: ನಮ್ಮ ಮಾವನವರಿಗೆ 74 ವರ್ಷ. ಹರಿಹರದ ಕಡೆಯ ಹಳ್ಳಿಯಲ್ಲಿ ಭತ್ತ ಬೆಳೆಯುತ್ತಿದ್ದವರು. ಅತ್ತೆ ತೀರಿಕೊಂಡ ಮೇಲೆ ದಾವಣಗೆರೆಯಲ್ಲಿ ನಮ್ಮ ಜೊತೆಗಿದ್ದಾರೆ. ಮನೆಯ ಹತ್ತಿರ ಒಂದು ಪುಟ್ಟ ಪಾರ್ಕ್ ಇದೆ. ನಡುವೆ ಕೊಳ, ಸುತ್ತ ನಡೆಯುವ ದಾರಿ. ಕರೆದುಕೊಂಡು ಹೋದರೆ ಒಂದು ಸುತ್ತು ಹಾಕಿ, ‘ಇಷ್ಟೇನಾ?’ ಎಂದು ಮನೆಗೆ ಹೊರಟುಬಿಡುತ್ತಾರೆ. ಆರು ವರ್ಷದ ಮಗನಿಗೆ ಮೀನುಗಳಿಗೆ ಮಂಡಕ್ಕಿ ಎಸೆಯುವುದೇ ಸಂಭ್ರಮ. ಹಾಗೆ ಹಾಕಬಹುದೇ? ಮಾವನವರನ್ನು ಕುಂದವಾಡ ಕೆರೆಗೆ ಕರೆದುಕೊಂಡು ಹೋಗುವುದು ಒಳ್ಳೆಯದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಮಂಡಕ್ಕಿಯ ಮಾತು, ಏಕೆಂದರೆ ಅದು ನಾಳೆಯಿಂದಲೇ ನಿಲ್ಲಬೇಕು. ನಮ್ಮ ಬಡಾವಣೆಯ ಕೊಳಕ್ಕೆ ನಾನೂ ವರ್ಷಗಟ್ಟಲೆ ಮಂಡಕ್ಕಿ ಹಾಕಿದವಳೇ. ಒಂದು ಬೇಸಿಗೆಯ ನಸುಕಿನಲ್ಲಿ ಹೋದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಾ ಮುಚ್ಚುತ್ತಾ ಇದ್ದವು. ಹಸಿದಿವೆ ಎಂದುಕೊಂಡು ಇನ್ನೂ ಒಂದು ಹಿಡಿ ಎಸೆದೆ. ಪಾಪ, ಅವು ಉಸಿರುಕಟ್ಟಿ ಮೇಲೆ ಬಂದಿದ್ದವು. ಆ ಒಂದು ಹಿಡಿಯನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಮೀನು ತಿಂದು ಉಳಿದ ಮಂಡಕ್ಕಿ ಗಾಳಿಗೆ ತೇಲಿ ಒಂದು ಮೂಲೆ ಸೇರುತ್ತದೆ. ನೆನೆದು, ಉಬ್ಬಿ, ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕ ಖರ್ಚಾಗುತ್ತದೆ. ಅದೇ ಕೊಳೆ ಪಾಚಿಗೆ ಗೊಬ್ಬರ. ಪಾಚಿ ಹಗಲಲ್ಲಿ ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಅದನ್ನು ಬಳಸಿಕೊಳ್ಳುತ್ತದೆ. ಹೀಗಾಗಿ ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಉಸಿರು ತೀರಾ ಕಡಿಮೆ. ಕೆರೆಗಿಂತ ಪುಟ್ಟ ಕೊಳಕ್ಕೆ ಈ ಪೆಟ್ಟು ಬೇಗ ತಾಗುತ್ತದೆ.

ಇದನ್ನು ಮಗನಿಗೆ ನೀವು ಹೇಳಬೇಡಿ, ಅಜ್ಜನಿಂದ ಹೇಳಿಸಿ. ಗದ್ದೆಯಲ್ಲಿ ನಿಂತ ನೀರು ಹೇಗೆ ಕೆಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಜೀವನವಿಡೀ ನೀರು ಕಟ್ಟಿ, ನೀರು ಬಿಟ್ಟು ಬದುಕಿದವರಿಗೆ ಬರೀ ಸುತ್ತು ಹಾಕುವುದು ಬೇಸರ ತರಿಸಿದರೆ ತಪ್ಪೇನು? ಅವರಿಗೆ ಸುತ್ತಿನ ಲೆಕ್ಕ ಬೇಡ, ಕೊಳ ಕಾಣುವ ಒಂದು ಬೆಂಚು ಕೊಡಿ. ದಿನವೂ ಅದೇ ಬೆಂಚು.

ಅಲ್ಲಿ ಕುಳಿತು ದಂಡೆಯ ಜೊಂಡಿನ ಬುಡ ನೋಡಲಿ. ಮಣ್ಣಿನ ಬಣ್ಣದ ಕೊಕ್ಕರೆಯೊಂದು ಕತ್ತನ್ನು ಹೆಗಲೊಳಗೆ ಎಳೆದುಕೊಂಡು ನಿಂತಿರಬಹುದು. ಕೊಳದ ಬಕ ಎನ್ನುತ್ತಾರೆ. ಮೂರು ಮಾರು ದೂರದಲ್ಲಿದ್ದರೂ ಮಣ್ಣಿನ ಹೆಂಟೆಯೇನೋ ಅನ್ನಿಸುತ್ತದೆ. ಹಾರಿದ ಕ್ಷಣ ಮಾತ್ರ ಎರಡು ರೆಕ್ಕೆಯೂ ಅಚ್ಚ ಬಿಳುಪು! ಮಳೆಗಾಲದ ಹೊತ್ತಿಗೆ ಅದರ ಬೆನ್ನು ಕಡುಗೆಂಪಿಗೆ ತಿರುಗುತ್ತದೆ. ಭತ್ತದ ಗದ್ದೆಯ ಬದುವಿನ ಮೇಲೆ ಮಾವನವರು ನಿತ್ಯ ಕಂಡ ಹಕ್ಕಿಯೇ ಇದು; ಪೇಟೆಯಲ್ಲಿ ಮತ್ತೆ ಸಿಕ್ಕರೆ ಗುರುತು ಹಿಡಿಯದೆ ಇರಲಾರರು. ನೀರ ಮೇಲೆ ಸುಳಿಯುವ ಏರೋಪ್ಲೇನ್ ಚಿಟ್ಟೆಗಳನ್ನು ಮೊಮ್ಮಗನಿಗೆ ತೋರಿಸಲಿ. ಅವುಗಳ ಮರಿಗಳು ನೀರಿನೊಳಗೆ ಸೊಳ್ಳೆಮರಿಗಳನ್ನು ತಿಂದು ಬೆಳೆಯುತ್ತವೆ. ಹೊಂಗೆಮರವಿದ್ದರೆ ಇನ್ನೂ ಒಳ್ಳೆಯದು. ಯುಗಾದಿ ಕಳೆದು ಹೂವು ಉದುರಿದಾಗ ದಾರಿಯ ಮೇಲೆ ಮಂಡಕ್ಕಿ ಚೆಲ್ಲಿದಂತಿರುತ್ತದೆ. ಹೊಂಗೆಸೊಪ್ಪನ್ನು ಗದ್ದೆಗೆ ತುಳಿಸಿದ ಕಥೆ ಅಲ್ಲಿಂದ ತಾನಾಗಿ ಹೊರಡಬಹುದು.

ಕುಂದವಾಡ ಕೆರೆಗೆ ಭಾನುವಾರ ಖಂಡಿತ ಹೋಗಿ, ಪಕ್ಕದ ಗಾಜಿನ ಮನೆಯನ್ನೂ ಮಗ ನೋಡಲಿ. ಭದ್ರಾ ನಾಲೆಯಿಂದ ತುಂಬಿ ಊರಿಗೆ ಕುಡಿಯುವ ನೀರು ಕೊಡುವ ಕೆರೆ ಅದು. ಅಲ್ಲಿಯಂತೂ ನೀರಿಗೆ ಏನನ್ನೂ ಎಸೆಯಕೂಡದು. ಆದರೆ ಅಷ್ಟು ದೊಡ್ಡ ಏರಿಯನ್ನು ಈ ವಯಸ್ಸಿನಲ್ಲಿ ದಿನವೂ ಸುತ್ತುವುದು ಕಷ್ಟ. ದಿನನಿತ್ಯಕ್ಕೆ ಮನೆ ಹತ್ತಿರದ ಕೊಳವೇ ಸರಿ. ಪಾಚಿ ಕಟ್ಟಿದ ಮೆಟ್ಟಿಲ ಕಡೆ ಇಬ್ಬರನ್ನೂ ಬಿಡಬೇಡಿ.

ಇನ್ನು ಮಂಡಕ್ಕಿ ಪೊಟ್ಟಣ ಎಂದಿನಂತೆ ಜೊತೆಗಿರಲಿ. ಬೆಂಚಿನ ಮೇಲೆ ಬಿಚ್ಚಿ ಅಜ್ಜ, ಮೊಮ್ಮಗ ಹಂಚಿಕೊಂಡು ತಿನ್ನಲಿ, ಖಾಲಿ ಕಾಗದ ಮನೆಗೆ ಬರಲಿ.